ಟೊರಾಂಟೋಕ್ಕ ಹೊಸದಾಗಿ ಬಂದವ್ರ, ಬ್ಯಾಸಗ್ಯಾಗ ಲೆಸ್ಲಿ ಸ್ಪಿಟ್‌ಗೆ ಹೋಗಿ ಬರ್ರಿ

ಹುಬ್ಬಳ್ಳಿ-ಧಾರವಾಡ, ಗದಗ ಕಡೆಯಿಂದ ಬಂದ ಹೊಸಬರು ಬ್ಯಾಸಗಿ ಬಂತಂದ್ರ ನಯಾಗರಾ ಒಂದು ನೋಡಿ ಆಮ್ಯಾಲ ಮಾಲ್ ಸುತ್ತತಿರತೀರಿ, ಊರಾಗ ಇರೋ ಟಾಮಿ ಥಾಂಪ್ಸನ್ ಪಾರ್ಕ್ ಭಾಳ ಮಂದಿಗೆ ಗೊತ್ತ ಇರಂಗಿಲ್ಲ. ಇಲ್ಲಿಯವ್ರು ಅದಕ್ಕ ಲೆಸ್ಲಿ ಸ್ಪಿಟ್ ಅಂತಾರ. ಲೆಸ್ಲಿ ಸ್ಟ್ರೀಟ್ ದಕ್ಷಿಣಕ್ಕ ಮುಗಿಯೋ ಕಡೆ ಗೇಟ್ ಐತಿ, ಅಲ್ಲಿಂದ ಒಂಟಾರಿಯೋ ಸರೋವರದ ಒಳಗ ಸುಮಾರು 5 ಕಿಲೋಮೀಟರ್ ಚಾಚಿದ ನೆಲ. 1950ರ ದಶಕದ ಕಡೀಕ ಬಂದರದ ಸಲುವಾಗಿ ತುಂಬಲಿಕ್ಕೆ ಶುರು ಮಾಡಿದ್ದು, ಶಹರದಾಗ ಕೆಡವಿದ ಕಟ್ಟಡದ ಇಟ್ಟಂಗಿ ಕಾಂಕ್ರೀಟ್ ತಂದು ಸುರುವ್ಯಾರ, ಆಮ್ಯಾಲ ಬಂದರಕ್ಕ ಅದು ಬೇಕಾಗ್ಲಿಲ್ಲ, ಗಿಡ ತಾವ ಹುಟ್ಟಿ ಬೆಳದ್ವು, ಹಕ್ಕಿ ಬಂದ್ವು, ಈಗ 300ಕ್ಕೂ ಹೆಚ್ಚು ಜಾತಿ ದಾಖಲಾಗ್ಯಾವ. ದಂಡಿಗೆ ತೆರಿ ಬಡದು ದುಂಡಗಾದ ಇಟ್ಟಂಗಿ ಚೂರು ಬಿದ್ದಿರತಾವ, ನಡುವ ಡೊಂಕ ಆದ ಕಬ್ಬಣದ ಸರಳು, ಹುಡುಗರನ್ನ ಬರಿಗಾಲಾಗ ಬಿಡಬ್ಯಾಡ್ರಿ.

ನಮ್ಮ ಕಡೆ ಹಕ್ಕಿ ನೋಡೋದಂದ್ರ ಚಳಿಗಾಲ, ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಬರೋದು ಆವಾಗನ. ಇಲ್ಲಿ ಉಲ್ಟಾ. ಮೇ ತಿಂಗಳದಾಗ ವಾರ್ಬ್ಲರ್ ಅನ್ನೋ ಸಣ್ಣ ಸಣ್ಣ ಹಕ್ಕಿ ರಾತ್ರಿ ಸರೋವರ ದಾಟಿ, ದಣದು, ಮೊದಲ ಸಿಕ್ಕ ಗಿಡದಾಗ ಇಳೀತಾವ, ಶನಿವಾರ ಇಲ್ಲಾ ರವಿವಾರ ನಸುಕಿನ್ಯಾಗ ಹೋದ್ರ ಭಾಳ ಹತ್ರ ಕಾಣತಾವ. ಜೂನ್, ಜುಲೈ ಮರಿಗಳ ಕಾಲ. ನೀರುಕಾಗಿ ಗೂಡು ಸಾವಿರಗಟ್ಟಲೆ ಅದಾವ, ಉತ್ತರ ಅಮೆರಿಕಾದಾಗಿನ ಅತಿ ದೊಡ್ಡ ಕಾಲನಿಗಳೊಳಗ ಇದೂ ಒಂದು, ಹಿಕ್ಕಿ ಬಿದ್ದು ಗಿಡ ಒಣಗಿ ನಿಂತಾವ, ವಾಸನಿ ಜೋರ ಇರತೈತಿ ಆದ್ರೂ ದುರ್ಬೀನ್ ಹಿಡದು ಸ್ವಲ್ಪ ನಿಂದರ್ರಿ, ಮರಿ ತನ್ನ ತಲಿನ ಪೂರಾ ಅವ್ವನ ಗಂಟಲದಾಗ ತುರುಕಿ ಮೀನ ತಿನ್ನೋದು ಕಾಣತೈತಿ. ಊರಿಂದ ಅಪ್ಪಾ-ಅವ್ವಾ ಬಂದಿದ್ರ ರಾತ್ರಿ ಬಕ ತೋರಿಸ್ರಿ, ಕೆಂಪ ಕಣ್ಣು, ಕರಿ ನೆತ್ತಿ, ನಮ್ಮ ಕೆರಿಗಳೊಳಗ ಇರೋ ಅದ ಜಾತಿ.

ಸೋಮವಾರದಿಂದ ಶುಕ್ರವಾರ ಹಗಲಿ ಟ್ರಕ್ ಓಡಾಡತಾವ, ಅದಕ್ಕ ಸಂಜಿ 4ರ ಮ್ಯಾಲ ಅಷ್ಟ ಮಂದಿನ್ನ ಬಿಡತಾರ, ಹೊರಡೋ ಮೊದಲ ಟೈಮ್ ಒಮ್ಮೆ ಚೆಕ್ ಮಾಡ್ಕೋರಿ. ಕಾರು, ನಾಯಿ ಒಳಗ ಇಲ್ಲ, ಸೈಕಲ್ ನಡೀತೈತಿ. ಒಳಗ ಅಂಗಡಿ ಗಿಂಗಡಿ ಇಲ್ಲ, ನೀರು ತುಂಬ್ಕೊಂಡ ಹೋಗ್ರಿ, ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡ್ರಂತೂ ಚಲೋನ ಆತು. ಆದ್ರ ಕೆರಿ ದಂಡಿಗೆ ಚುರುಮುರಿ ಒಗಿಯೋ ನಮ್ಮ ರೂಢಿ ಇಲ್ಲಿ ಖರೇನ ಬ್ಯಾಡ್ರಿ, ತಿನಸಿಗೆ ಗಲ್ ಹಕ್ಕಿ ಗುಂಪು ಕೂಡತಾವ, ಆ ಗಲ್‌ಗಳು ರೀವ (ಟರ್ನ್) ಹಕ್ಕಿ ತತ್ತಿ ಮರಿ ತಿಂತಾವ, ಪಾರ್ಕಿನವ್ರು ಆ ರೀವಗಳ ಸಲುವಾಗಿ ನೀರಾಗ ತೆಪ್ಪ ಬಿಟ್ಟು ಗೂಡಿಗೆ ಜಾಗ ಮಾಡ್ಯಾರ.

ಮೂರು ಮೂರು ಎಲಿ ಇರೋ ಪಾಯಿಸನ್ ಐವಿ ಮುಟ್ಟಬ್ಯಾಡ್ರಿ, ಮೈಮ್ಯಾಲ ಗುಳ್ಳಿ ಏಳತಾವ. ಜೂನ್‌ದಾಗ ಹೆಗಲ ಮ್ಯಾಲ ಕೆಂಪ ಪಟ್ಟಿ ಇರೋ ಕರಿ ಹಕ್ಕಿ ಗೂಡು ಕಾಯಲಿಕ್ಕೆ ತಲಿಗೆ ಎರಗತೈತಿ, ಟೊಪ್ಪಿಗಿ ಇರಲಿ. ಸಂಜಿ ಗಾಳಿ ತಣ್ಣಗ ಬೀಸತೈತಿ, ಸ್ವೆಟರ್ ಬೇಕ. ತುದಿ ತನಕ ಹೋಗಿ ಬಂದ್ರ 10 ಕಿಲೋಮೀಟರ್, ವಯಸ್ಸಾದವ್ರು ಜೊತಿಗೆ ಇದ್ರ ಅರ್ಧಕ್ಕ ಹೊಳ್ಳಿ ಬರ್ರಿ, ಹಕ್ಕಿ ಅಲ್ಲಿ ತನಕನೂ ಬೇಕಾದಷ್ಟ ಸಿಗತಾವ.