ಯಾವ ಸೀರೀಸ್‌ಗೆ ಇಳೀಬೇಕು ಅಂತ ನಮ್ಮ ಗ್ಯಾರೇಜಲ್ಲಿ ತೀರ್ಮಾನ ಆಗಿದ್ದು ಹೀಗೆ

ಶಿವಮೊಗ್ಗದ ಸಾಗರ ರೋಡ್ ಕಡೆ ನಮ್ದೊಂದು ಗ್ಯಾರೇಜ್ ಇದೆ. ಹೊಟ್ಟೆಪಾಡಿಗೆ ಮಾಮೂಲಿ ಸರ್ವಿಸ್, ಜೀವ ಇರೋದು ಮಾತ್ರ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಲ್ಲಿ ಟೈಮ್ ಹಿಡಿದು ಓಡಿಸೋ ರೇಸ್) ಮತ್ತೆ ರ‍್ಯಾಲಿ ಕಾರುಗಳ ಮೇಲೆ. ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ ಕಡೆ ತೋಟದ ಹುಡುಗರು ಬರ್ತಾರೆ, "ಅಣ್ಣಾ ಒಂದು ಕಾರ್ ರೆಡಿ ಮಾಡ್ಕೊಡಿ" ಅಂತಾರೆ, ಸರಿ ಯಾವ ಕ್ಲಾಸಲ್ಲಿ ಓಡಿಸ್ತೀಯಪ್ಪ ಅಂದ್ರೆ ಸುಮ್ನೆ ಮುಖ ನೋಡ್ತಾರೆ. ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಜಿಟಿ ರೇಸಿಂಗಿಂದ, ಅಂದ್ರೆ ರೋಡಲ್ಲಿ ಓಡೋ ಸ್ಪೋರ್ಟ್ಸ್ ಕಾರುಗಳನ್ನ ರೇಸಿಗೆ ಅಂತ ತಯಾರು ಮಾಡಿ ಓಡಿಸೋ ರೇಸಿಂಗಿಂದ. ಮಳೆಗಾಲದಲ್ಲಿ ಕೆಲಸ ಕಮ್ಮಿ ಇರತ್ತಲ್ಲ, ಆವಾಗ ಕೂತು ದೊಡ್ಡ ಕಾರ್ ಕಂಪನಿಗಳು ಯಾವ ಸೀರೀಸ್‌ಗೆ ಹೋದ್ವು, ಯಾವುದನ್ನ ಬಿಟ್ವು, ಯಾಕೆ ಬಿಟ್ವು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು ಹೋದೆ.

ಎಲ್ಲಿ ಹೆಸರು ಜಾಸ್ತಿ ಸಿಗತ್ತೋ ಅಲ್ಲಿಗೆ ಕಂಪನಿ ಹೋಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹೆಸರೂ ಬೇಕು, ಇಲ್ಲ ಅನ್ನಲ್ಲ, ಆದ್ರೆ ಮೊದಲು ನೋಡೋದು ಈ ಕಾರನ್ನ ಎಷ್ಟು ಟೀಮ್‌ಗೆ ಮಾರಬಹುದು ಅನ್ನೋದನ್ನ. 2006ರಲ್ಲಿ ಸ್ಟೆಫಾನ್ ರಾಟೆಲ್ ಅವರ ಎಸ್‌ಆರ್‌ಓ ಅನ್ನೋ ರೇಸ್ ನಡೆಸೋ ಸಂಸ್ಥೆ ಜಿಟಿ3 ಅನ್ನೋ ಕ್ಲಾಸ್ ಶುರು ಮಾಡಿದ್ದೇ ಈ ಲೆಕ್ಕದ ಮೇಲೆ. ಕಂಪನಿ ಕಾರ್ ಕಟ್ಟಿ ಪ್ರೈವೇಟ್ ಟೀಮ್‌ಗೆ ಮಾರತ್ತೆ, ಆಮೇಲೆ ಸ್ಪೇರ್ಸ್ ಮಾರತ್ತೆ, ರೇಸಿಗೆ ಇಂಜಿನಿಯರ್ ಕಳಿಸತ್ತೆ, ಇದಕ್ಕೇ ಕಸ್ಟಮರ್ ರೇಸಿಂಗ್ ಅನ್ನೋದು. ಪೋರ್ಷೆ 911 ಜಿಟಿ3 ಆರ್ ಒಂದಕ್ಕೇ ಟ್ಯಾಕ್ಸ್ ಬಿಟ್ಟು 5 ಲಕ್ಷ ಯೂರೋ ದಾಟತ್ತೆ. ಅಷ್ಟು ಕೊಟ್ಟು ತಗೊಂಡವನು ಅದೇ ಕಾರನ್ನ ಬೆಲ್ಜಿಯಂನ ಸ್ಪಾ 24 ಗಂಟೆ ರೇಸಿಗೂ ಒಯ್ಯಬಹುದು, ಜರ್ಮನಿಯ ನೂರ್ಬರ್ಗ್‌ರಿಂಗಿಗೂ, ಆಸ್ಟ್ರೇಲಿಯಾದ ಬಾಥರ್ಸ್ಟಿಗೂ, ಅಮೆರಿಕದ ಡೇಟೋನಾಗೂ, ಜಪಾನಿನ ಸೂಪರ್ ಜಿಟಿಯಲ್ಲಿ ಜಿಟಿ300 ಕ್ಲಾಸಿಗೂ. ಟೈರು, ಸೆಟ್ಟಿಂಗ್ ಬದಲಾಗತ್ತೆ, ಕಾರ್ ಅದೇ.

ಜೊತೆಗೆ ಬಿಓಪಿ, ಅಂದ್ರೆ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್. ಮುಂದೆ ಇಂಜಿನ್ ಇರೋ ಮಸ್ಟಾಂಗು, ಹಿಂದೆ ಇಂಜಿನ್ ಇರೋ ಪೋರ್ಷೆ, ಇವೆರಡರ ಲ್ಯಾಪ್ ಟೈಮ್ ಹತ್ತಿರ ಬರೋ ಹಾಗೆ ಆರ್ಗನೈಸರ್ ತೂಕ, ಪವರ್, ರೈಡ್ ಹೈಟ್ ಎಲ್ಲ ಹೆಚ್ಚುಕಮ್ಮಿ ಮಾಡ್ತಾರೆ. ಇದನ್ನ ಬೈಯೋರು ಬೇಕಾದಷ್ಟು ಜನ ಇದಾರೆ, ನನಗೆ ಇದು ಒಳ್ಳೇದೇ ಅನ್ಸತ್ತೆ, ಯಾಕಂದ್ರೆ ಪಕ್ಕದವನು ಕೋಟಿ ಸುರಿದ ಅಂತ ನಾವೂ ಸುರೀಬೇಕಾಗಿಲ್ಲ, ಕಂಪನಿಯಲ್ಲಿ ಬಜೆಟ್‌ಗೆ ಸೈನ್ ಹಾಕೋನಿಗೆ ಅದೇ ದೊಡ್ಡ ಸಮಾಧಾನ.

ಬಿಟ್ಟುಹೋದ ಕಥೆಗಳನ್ನ ನೋಡಿದ್ರೆ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಜರ್ಮನಿಯ ಡಿಟಿಎಮ್ ಅನ್ನೋ ಕಾರ್ ರೇಸ್ ಸೀರೀಸಲ್ಲಿ ಮೊದಲು ಆ ಸೀರೀಸ್‌ಗೆ ಅಂತಲೇ ಕಟ್ಟಿದ ಕಾರುಗಳು ಓಡ್ತಿದ್ವು, ಬೇರೆ ಕಡೆ ಅವನ್ನ ಒಯ್ಯೋ ಹಾಗಿರ್ಲಿಲ್ಲ. 2018 ಮುಗೀತಿದ್ದ ಹಾಗೆ ಮರ್ಸಿಡಿಸ್ ಹೋಯ್ತು, 2020ಕ್ಕೆ ಆಡಿನೂ ಹೋಯ್ತು, ಉಳಿದಿದ್ದು ಬಿಎಂಡಬ್ಲ್ಯೂ ಒಂದೇ, ಒಬ್ಬನೇ ಯಾರ ಜೊತೆ ರೇಸ್ ಮಾಡ್ತಾನೆ? 2021ಕ್ಕೆ ಜಿಟಿ3 ಕಾರ್ ತಂದ್ರು, ಸೀರೀಸ್ ಉಳೀತು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಡಿಟಿಎಮ್‌ಗೆ ಹೋಗಿದ್ದು ಅದೇ ವರ್ಷ, ಮರ್ಸಿಡಿಸ್-ಎಎಂಜಿ ಓಡಿಸ್ಕೊಂಡು, ಆಮೇಲೆ ಫೋರ್ಡ್ ಮಸ್ಟಾಂಗಲ್ಲೂ ಓಡಿಸಿದ್ರು. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸೂ ಸೇರಿರೋ ಡಬ್ಲ್ಯೂಇಸಿ ಅನ್ನೋ ವಿಶ್ವ ಚಾಂಪಿಯನ್‌ಶಿಪ್ಪಲ್ಲೂ ಹಂಗೇ ಆಯ್ತು. 2018-19ರ ಸೀಸನಲ್ಲಿ ಕಂಪನಿಗಳ ಫ್ಯಾಕ್ಟರಿ ಟೀಮ್ ಓಡ್ತಿದ್ದ ಜಿಟಿಇ ಪ್ರೋ ಕ್ಲಾಸಲ್ಲಿ ಐದು ಕಂಪನಿ ಇದ್ವು, ಆ ಸೀಸನ್ ಮುಗಿದ ಮೇಲೆ ಫೋರ್ಡು, ಬಿಎಂಡಬ್ಲ್ಯೂ ಹೊರಟ್ವು, ಆಮೇಲೆ ಆಸ್ಟನ್ ಮಾರ್ಟಿನ್ ಫ್ಯಾಕ್ಟರಿ ಟೀಮೂ ಹೋಯ್ತು, 2022ಕ್ಕೆ ಆ ಕ್ಲಾಸನ್ನೇ ಮುಚ್ಚಿದ್ರು. 2016ರಲ್ಲಿ ಫೋರ್ಡ್ ಜಿಟಿ ಲೆ ಮಾನ್ಸ್ ಕ್ಲಾಸ್ ಗೆದ್ದಿದ್ದು ಎಲ್ಲರಿಗೂ ನೆನಪಿದೆ, ಆ ಗೆಲುವೂ ಕ್ಲಾಸನ್ನ ಉಳಿಸಲಿಲ್ಲ.

2024ಕ್ಕೆ ಅಲ್ಲಿಗೂ ಎಲ್‌ಎಂಜಿಟಿ3 ಅನ್ನೋ ಹೆಸರಲ್ಲಿ ಜಿಟಿ3 ಕಾರುಗಳೇ ಬಂದ್ವು. ಹೈಪರ್‌ಕಾರ್ ಅನ್ನೋ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕ್ಲಾಸಲ್ಲಿ ಇರೋ ಕಂಪನಿಗಳಿಗೆ ಮೊದಲ ಆದ್ಯತೆ ಅಂತ ಇಟ್ರು, ಅದಕ್ಕೇ ಜಗತ್ತಲ್ಲೆಲ್ಲಾ ಜಿಟಿ3 ಓಡಿಸೋ ಮರ್ಸಿಡಿಸ್‌ಗೆ ಮೊದಲ ವರ್ಷ ಜಾಗ ಇಲ್ಲ, 2025ಕ್ಕೆ ಬಂತು. ನಮಗೆ ಇಷ್ಟ ಇದ್ರೆ ಸಾಲಲ್ಲ, ಬಾಗಿಲಲ್ಲಿ ಏನು ಷರತ್ತು ಇದೆ ಅಂತಾನೂ ನೋಡ್ಬೇಕು.

ಇಷ್ಟೆಲ್ಲ ಬರ್ಕೊಂಡ ಮೇಲೆ ಅದೇ ಪ್ರಶ್ನೆಗಳನ್ನ ನಮ್ಮ ಗ್ಯಾರೇಜಿಗೆ ಕೇಳ್ದೆ. ಒಂದು ಕಾರ್ ಎಷ್ಟು ಕಡೆ ಓಡತ್ತೆ? ಆ ಕ್ಲಾಸಲ್ಲಿ ಎದುರಾಳಿಗಳು ಇದಾರಾ? ಹುಡುಗರು ಬೇಜಾರಾದ್ರೆ ಆ ಕಾರನ್ನ ಇನ್ನೊಬ್ಬನಿಗೆ ಮಾರಬಹುದಾ? ಎಲ್ಲಾ ಉತ್ತರನೂ 1400 ಸಿಸಿ ಒಳಗಿನ ಕ್ಲಾಸ್ ಕಡೆಗೇ ಬಂದು ನಿಲ್ತು. ಅಲ್ಲೊಂದು ಚಂದ ಏನಂದ್ರೆ ಮಾರುತಿಯ ಎಸ್ಟೀಮು, ಜಿಪ್ಸಿ ಕಿಂಗು, ಮೊದಲು ಬಂದ ಪೆಟ್ರೋಲ್ ಸ್ವಿಫ್ಟು, ಮೂರಕ್ಕೂ ಸುಜುಕಿಯ 1.3 ಲೀಟರ್ ಜಿ13 ಕುಟುಂಬದ ಇಂಜಿನ್ನೇ, 1298 ಸಿಸಿ. ಎಲ್ಲಾ ಪಾರ್ಟೂ ಅದಲು ಬದಲು ಆಗಲ್ಲ, ಹೆಡ್, ವೈರಿಂಗ್ ನೋಡ್ಕೊಂಡೇ ಹಾಕ್ಬೇಕು, ಆದ್ರೆ ಅದನ್ನ ಬಿಚ್ಚಿ ಕಟ್ಟಕ್ಕೆ ಗೊತ್ತಿರೋ ಕೈ ಮಲೆನಾಡಲ್ಲಿ ಊರೂರಲ್ಲೂ ಇದೆ, ಶನಿವಾರ ರಾತ್ರಿ ಗ್ಯಾಸ್ಕೆಟ್ ಹೋದ್ರೂ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಲೈನಿಗೆ ಹೋಗಬಹುದು. ನನ್ನ ಪಾಲಿಗೆ ಕಸ್ಟಮರ್ ರೇಸಿಂಗ್ ಅಂದ್ರೆ ಇದೇ.

ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಎಲ್ಲಿ ಆಟೋಕ್ರಾಸ್ ಇಟ್ರೂ ಈ ಕಾರ್ ಹೋಗತ್ತೆ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ನಡೆಯೋ ನ್ಯಾಷನಲ್ ರ‍್ಯಾಲಿ ಬೇರೆ ಲೆಕ್ಕ, ಅಲ್ಲಿ ರೋಲ್ ಕೇಜು (ಕಾರ್ ಮಗುಚಿದ್ರೆ ಒಳಗಿರೋರನ್ನ ಕಾಯೋ ಪೈಪಿನ ಚೌಕಟ್ಟು), ಸೀಟು, ಬೆಲ್ಟು, ಕಾಗದಪತ್ರ ಎಲ್ಲಾ ದೇಶದ ಮೋಟರ್‌ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐ ನಿಯಮದ ಪ್ರಕಾರ ಇರ್ಬೇಕು, ಕೋ-ಡ್ರೈವರ್ ಬೇಕು, ಸರ್ವಿಸ್ ಕ್ರೂ ಬೇಕು. ಎರಡು ಸೀಸನ್ ಆಟೋಕ್ರಾಸ್ ಪೂರ್ತಿ ಮಾಡಿದವನಿಗೆ ಮಾತ್ರ ನಾನು ಆ ಮಾತು ಎತ್ತೋದು.

ಈಗ ಇಬ್ಬರು 1.6 ಪೋಲೋನೇ ಬೇಕು ಅಂತ ಪಟ್ಟು ಹಿಡಿದಿದಾರೆ. ಒಳ್ಳೆ ಕಾರೇ, ನನಗೂ ಆಸೆ ಇದೆ. ಆದ್ರೆ ಆ ಕ್ಲಾಸಿಗೆ ಎಂಟ್ರಿ ಕಮ್ಮಿ ಬಂದ್ರೆ ಮೇಲಿನ ಕ್ಲಾಸಿಗೆ ಸೇರಿಸಿಬಿಡ್ತಾರೆ, ಆವಾಗ ಟರ್ಬೋ ಕಾರುಗಳ ಜೊತೆ ಓಡ್ಬೇಕು. ಮುಂದಿನ ಸೀಸನ್ ರೆಗ್ಯುಲೇಶನ್ ಕೈಗೆ ಬಂದು ಕನಿಷ್ಠ ಎಷ್ಟು ಎಂಟ್ರಿ ಕೇಳಿದಾರೆ ಅಂತ ನೋಡೋ ತನಕ ರೋಲ್ ಕೇಜಿಗೆ ಒಂದು ಪೈಪೂ ಕಟ್ ಮಾಡಲ್ಲ ಅಂತ ಇಬ್ಬರಿಗೂ ಹೇಳಿ ಕಳಿಸಿದೀನಿ.