ಕಿತ್ತಳೆಯ ಬಿಳಿ ನಾರು ಕೀಳಬೇಡಿ

ತೊಳೆಗೆ ಅಂಟಿದ ಬಿಳಿ ನಾರನ್ನೆಲ್ಲ ಕಿತ್ತು, ನುಣ್ಣಗೆ ಮಾಡಿ ಮಕ್ಕಳ ಕೈಗೆ ಕಿತ್ತಳೆ ಕೊಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೈಯೊಳಗಿನ ಉರಿಯೂತ ತಗ್ಗಿಸುವ ಗುಣವಿರುವ ಹೆಸ್ಪೆರಿಡಿನ್ ಎಂಬ ವಸ್ತು ಹೆಚ್ಚಾಗಿ ಇರುವುದು ಆ ನಾರು, ಸಿಪ್ಪೆಗಳಲ್ಲೇ. ಅದನ್ನು 1828ರಲ್ಲಿ ಮೊದಲ ಸಲ ಬೇರ್ಪಡಿಸಿದ್ದೂ ಸಿಪ್ಪೆಯ ಒಳಗಿನ ಬಿಳಿ ಪದರದಿಂದಲೇ. ಮೂಲವ್ಯಾಧಿಗೆ, ಕಾಲಿನ ನರ ಉಬ್ಬಿದ್ದಕ್ಕೆ ಡಾಕ್ಟರು ಬರೆದುಕೊಡುವ 500 ಮಿಲಿಗ್ರಾಂ ಮಾತ್ರೆಯಲ್ಲಿ ಸಾಮಾನ್ಯವಾಗಿ 450 ಡಯಾಸ್ಮಿನ್, 50 ಹೆಸ್ಪೆರಿಡಿನ್ ಇರುತ್ತದೆ. ಡಯಾಸ್ಮಿನ್ ಅನ್ನೂ ಹೆಸ್ಪೆರಿಡಿನ್‌ನಿಂದಲೇ ತಯಾರಿಸುತ್ತಾರೆ. ಹಾಗಂತ ಹಣ್ಣು ತಿಂದು ಮಾತ್ರೆ ಬಿಡಬೇಡಿ. ಹಣ್ಣು ಊಟಕ್ಕೆ, ಮಾತ್ರೆ ಕಾಯಿಲೆಗೆ.

ಸೋಸಿದ ರಸಕ್ಕಿಂತ ಇಡೀ ತೊಳೆ ತಿನ್ನುವುದು ಮೇಲು. ಸೋಸಿದಾಗ ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ, ಸಾಲದ್ದಕ್ಕೆ ಸಕ್ಕರೆ ಬೇರೆ ಸುರಿಯುತ್ತೇವೆ.

ಸಿಪ್ಪೆಯನ್ನಂತೂ ಗೊಜ್ಜು ಮಾಡಿ. ಮೇಣ ಬಳಿದು ಮಿರಮಿರ ಮಿಂಚುವ ಹಣ್ಣು ಇದಕ್ಕೆ ಬೇಡ. ಕೊಡಗಿನ ಕಿತ್ತಳೆಯಂಥ, ಸಿಪ್ಪೆ ಸಡಿಲವಾಗಿರುವ ಹಣ್ಣು ಆರಿಸಿ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು, ಕೈಯಲ್ಲಿ ಉಜ್ಜಿ ತೊಳೆದು ಸಿಪ್ಪೆ ಬಿಡಿಸಿ. ಸಣ್ಣಗೆ ಹೆಚ್ಚಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಇರಲಿ. ಅಂಚು ಮುದುಡಿ, ಹಸಿ ವಾಸನೆ ಹೋಗಿ, ಅಡುಗೆಮನೆಯೆಲ್ಲ ಘಮ್ಮೆಂದಾಗ ಹುಣಸೆರಸ, ಉಪ್ಪು, ಸಾರಿನ ಪುಡಿ ಹಾಕಿ. ಬೆಲ್ಲಕ್ಕೆ ಜಿಪುಣತನ ಮಾಡಿದರೆ ಕಹಿ ನಾಲಿಗೆಗೆ ಹತ್ತುತ್ತದೆ. ಎಣ್ಣೆ ಬಿಡುವವರೆಗೆ ಕುದಿಸಿ. ಮೊದಲ ದಿನಕ್ಕಿಂತ ಮರುದಿನ ಬಿಸಿ ಅನ್ನಕ್ಕೆ ಇನ್ನೂ ರುಚಿ.

ಚಕ್ಕೋತದ ವಿಷಯದಲ್ಲಿ ಮಾತ್ರ ಎಚ್ಚರ. ಅದಕ್ಕೆ ಕಹಿ ಕೊಡುವ ನಾರಿಂಜಿನ್ ಎಂಬ ವಸ್ತುವಿಗೂ ಉರಿಯೂತ ತಗ್ಗಿಸುವ ಗುಣವಿದೆ ನಿಜ. ಆದರೆ ಚಕ್ಕೋತದ ನೆಂಟನಾದ ಗ್ರೇಪ್‌ಫ್ರೂಟ್ ಹಣ್ಣಿನಲ್ಲಿ (ದ್ರಾಕ್ಷಿಯಲ್ಲ) ಇರುವಂತೆ ಇದರಲ್ಲೂ ಇರುವ ಬೇರೆ ಕೆಲವು ವಸ್ತುಗಳು, ಮಾತ್ರೆಯನ್ನು ಕರುಳಲ್ಲಿ ಒಡೆಯುವ ಕಿಣ್ವವನ್ನೇ ತಡೆದುಬಿಡುತ್ತವೆ. ಆಗ ಔಷಧ ರಕ್ತಕ್ಕೆ ಹೆಚ್ಚಾಗಿ ಸೇರಿಬಿಡುತ್ತದೆ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ನುಂಗುವವರು, ಬಿಪಿ ಮಾತ್ರೆಯವರು ಡಾಕ್ಟರನ್ನು ಕೇಳಿಯೇ ತಿನ್ನಿ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂದರೂ ಆಗುವುದಿಲ್ಲ. ಅದರ ಪ್ರಭಾವ ಒಂದು ದಿನಕ್ಕೂ ಮೇಲೆ ಉಳಿಯುತ್ತದೆ. ನಮ್ಮ ಯಜಮಾನರಿಗೆ ಈ ಮಾತ್ರೆ ಶುರುವಾದಾಗಿನಿಂದ ಹಿತ್ತಲಿನ ಚಕ್ಕೋತವೆಲ್ಲ ಪಕ್ಕದ ಮನೆ ಮಕ್ಕಳಿಗೆ, ಇವರಿಗೆ ನಾರು ಸಮೇತ ಕಿತ್ತಳೆ.