‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’: ವಾದಕ್ಕಿಳಿಯುವ ಮುಂಚೆ ನೋಡುವ ಕ್ರಮ

1920ರ ದಶಕದ ಅಮೆರಿಕದಲ್ಲಿ ಎಣ್ಣೆಯ ಹಣಕ್ಕಾಗಿ ಓಸೇಜ್ ಬುಡಕಟ್ಟಿನವರನ್ನು ಒಬ್ಬೊಬ್ಬರಾಗಿ ಕೊಂದ ನಿಜಕಥೆ ಹೇಳುವ, ಮಾರ್ಟಿನ್ ಸ್ಕಾರ್ಸೆಸೆ ಅವರ 2023ರ ಈ ಚಿತ್ರದ ಬಗ್ಗೆ ಒಬ್ಬರು ‘ಅದ್ಭುತ’ ಎಂದರೆ ಪಕ್ಕದವರು ‘ಅರ್ಧಕ್ಕೆ ನಿದ್ದೆ ಬಂತು’ ಎನ್ನುತ್ತಾರೆ. ವಾದ ಎಷ್ಟು ಹೊತ್ತು ನಡೆದರೂ ಬಗೆಹರಿಯುವುದಿಲ್ಲ, ಏಕೆಂದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ವಿಷಯ. ಇಲ್ಲಿ ನಾಲ್ಕು ತಕರಾರುಗಳು ಕಲಸಿಹೋಗಿವೆ: ಚಿತ್ರದ ಉದ್ದ, ಕೊಲೆಗಾರ ಯಾರೆಂಬ ಗುಟ್ಟು, ಇತಿಹಾಸಕ್ಕೆ ನಿಷ್ಠೆ, ಕಥೆ ಯಾರ ಕಣ್ಣಿನಿಂದ ಬರುತ್ತಿದೆ ಎಂಬುದು. ಒಂದೊಂದನ್ನೂ ಬಿಡಿಸಿಕೊಂಡು ತೆರೆಯ ಮೇಲೇ ಪರೀಕ್ಷೆ ಮಾಡಬಹುದು.

ನೋಡುವ ಮುಂಚೆ: ಒಂದು ಹಾಳೆ, ಹತ್ತು ನಿಮಿಷ

ಚಿತ್ರ ಅವಸರದಲ್ಲಿ ಹೇಳಿ ಮುಗಿಸುವ ಎರಡು ಸಂಗತಿ ತಿಳಿದಿರದಿದ್ದರೆ ಮುಂದಿನದೆಲ್ಲ ಗೋಜಲು.

ಮೊದಲನೆಯದು ಹೆಡ್‌ರೈಟ್. ಒಕ್ಲಹೋಮದ ಓಸೇಜ್ ಬುಡಕಟ್ಟಿನ ನೆಲವನ್ನು 1906ರ ಕಾಯ್ದೆಯಡಿ ಹಂಚಿದಾಗ ನೆಲದಡಿಯ ಖನಿಜದ ಹಕ್ಕು ಮಾತ್ರ ಇಡೀ ಬುಡಕಟ್ಟಿನ ಕೈಯಲ್ಲೇ ಉಳಿಯಿತು. ಪಟ್ಟಿಯಲ್ಲಿದ್ದ 2,229 ಮಂದಿಗೆ ಎಣ್ಣೆಯ ರಾಯಲ್ಟಿಯಲ್ಲಿ ಒಂದೊಂದು ಪಾಲು, ಅದೇ ಹೆಡ್‌ರೈಟ್. ಅದನ್ನು ಮಾರುವಂತಿರಲಿಲ್ಲ, ವಾರಸುದಾರರಿಗೆ ಮಾತ್ರ ಹೋಗಬೇಕು. ಹೊರಗಿನವನ ಕೈಗೆ ಅದು ಬರಬೇಕಾದರೆ ಮೊದಲು ಮದುವೆ, ಆಮೇಲೆ ಸಾವು. ಇದರ ಜೊತೆಗೆ ಗಾರ್ಡಿಯನ್ ಪದ್ಧತಿ: ‘ಅಸಮರ್ಥ’ ಎಂದು ಸರ್ಕಾರ ಮುದ್ರೆ ಒತ್ತಿದ ಓಸೇಜ್ ವ್ಯಕ್ತಿ ತನ್ನದೇ ಹಣ ಖರ್ಚು ಮಾಡಲು ಬಿಳಿಯ ಪಾಲಕನೊಬ್ಬನ ಒಪ್ಪಿಗೆ ಪಡೆಯಬೇಕಿತ್ತು. ಚಿತ್ರದ ನಾಯಕಿ, ಓಸೇಜ್ ಹೆಣ್ಣುಮಗಳು ಮಾಲಿ, ತನ್ನ ಪಾಲಕನ ಎದುರು ಕೂತು ತನ್ನನ್ನು ತಾನೇ ‘ಅಸಮರ್ಥೆ’ ಎಂದು ಹೇಳಿಕೊಳ್ಳುವ ದೃಶ್ಯದ ಕಹಿ ಆಗ ಅರ್ಥವಾಗುತ್ತದೆ.

ಎರಡನೆಯದು ಮಾಲಿಯ ಕುಟುಂಬದ ವಂಶಾವಳಿ. ಹಾಳೆಯ ಮೇಲೆ ತಾಯಿ ಲಿಜ್ಜಿ, ಕೆಳಗೆ ಮಿನ್ನಿ, ಆ್ಯನಾ, ರೀಟಾ, ಮಾಲಿ ಎಂದು ಬರೆದುಕೊಳ್ಳಿ. ಸತ್ತ ವರ್ಷ ಪಕ್ಕದಲ್ಲಿರಲಿ: ಮಿನ್ನಿ 1918, ಆ್ಯನಾ 1921ರ ಮೇ, ಲಿಜ್ಜಿ ಅದೇ ವರ್ಷದ ಜುಲೈ, ರೀಟಾ 1923ರ ಮಾರ್ಚ್. ಪಾಲುಗಳೆಲ್ಲ ಹರಿದು ಕೊನೆಗೆ ಯಾರ ಮನೆಗೆ ಬಂದವು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಹಳ ಮಂದಿ ಎಡವುವುದು ಬಿಲ್ ಸ್ಮಿತ್ ಬಳಿ. ಆತ ಮೊದಲು ಮಿನ್ನಿಯ ಗಂಡ, ಅವಳು ಸತ್ತ ಮೇಲೆ ರೀಟಾಳ ಗಂಡ. ಇಬ್ಬರು ಬೇರೆ ಬೇರೆ ಅಳಿಯಂದಿರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಕೊಲೆಯಾದ ಇನ್ನೊಬ್ಬ ಓಸೇಜ್, ಹೆನ್ರಿ ರೋನ್ ಹೆಸರನ್ನು ಹಾಳೆಯ ಬದಿಗೆ ಬೇರೆಯಾಗಿ ಬರೆಯಿರಿ. ಅವನ ಸಾವಿಗೆ ಕಾರಣ ಪಾಲಲ್ಲ, ಕೊಲೆಗಳ ಹಿಂದಿನ ಸೂತ್ರಧಾರ ವಿಲಿಯಂ ಹೇಲ್ ಅವನ ಮೇಲೆ ಮಾಡಿಸಿದ್ದ 25,000 ಡಾಲರ್ ವಿಮೆ. ಅವನ ಕೊಲೆ ನಡೆದದ್ದು ಓಸೇಜ್ ಹಂಚಿಕೆ ಜಮೀನಿನಲ್ಲಿ, ಆದ್ದರಿಂದ ಫೆಡರಲ್ ಕೋರ್ಟಿಗೆ ಅಧಿಕಾರ ಸಿಕ್ಕಿತು. ಇಷ್ಟೊಂದು ಕೊಲೆಗಳಿರುವಾಗ ವಿಚಾರಣೆ ರೋನ್ ಸುತ್ತಲೇ ಏಕೆ ಸುತ್ತುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಉದ್ದದ ತಕರಾರು

ಚಿತ್ರದ ಅವಧಿ 206 ನಿಮಿಷ. ಬಿಡುಗಡೆಯಾದಾಗ ಯುರೋಪು, ಅಮೆರಿಕದ ಕೆಲವು ಥಿಯೇಟರುಗಳು ತಾವೇ ಇಂಟರ್ವಲ್ ಕೊಟ್ಟು ಬೈಸಿಕೊಂಡವು. ಇಂಟರ್ವಲ್ ಇಲ್ಲದೆ ಸಿನಿಮಾ ಇಲ್ಲ ಎನ್ನುವ ನಮ್ಮ ಕಡೆಯವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ತಪ್ಪಾದ ಜಾಗದಲ್ಲಿ ನಿಲ್ಲಿಸಿದರೆ ಚಿತ್ರ ನಿಜವಾಗಿಯೂ ಕೆಡುತ್ತದೆ. ಮನೆಯಲ್ಲಿ ನೋಡುವವರು ರೀಟಾಳ ಮನೆ ಸ್ಫೋಟವಾದ ನಂತರ, ತನಿಖಾಧಿಕಾರಿ ಟಾಮ್ ವೈಟ್ ಬಾಗಿಲು ತಟ್ಟುವ ಮುನ್ನ ಒಮ್ಮೆ ನಿಲ್ಲಿಸಬಹುದು. ಕೊಲ್ಲುವವರ ಕಥೆ ಮುಗಿದು ಹಿಡಿಯುವವರ ಕಥೆ ಶುರುವಾಗುವುದು ಅಲ್ಲಿ. ಎರಡು ರಾತ್ರಿಗೆ ಹಂಚಬೇಡಿ. ಮಾಲಿಯ ಗಂಡ, ಹೇಲ್‌ನ ಸೋದರಳಿಯ ಅರ್ನೆಸ್ಟ್‌ನ ಮುಖದ ಮೇಲೆ ಸುಳ್ಳು ನಿಧಾನಕ್ಕೆ ಕೂಡುತ್ತ ಹೋಗುವುದು ಒಂದೇ ಕೂತಿನಲ್ಲಿ ನೋಡಿದರೆ ಮಾತ್ರ ತಿಳಿಯುತ್ತದೆ.

‘ಎಳೆದಿದ್ದಾರೆ’ ಎನ್ನುವವರಿಗೆ ಒಂದು ಪ್ರಶ್ನೆ ಕೇಳಿ: ಯಾವ ದೃಶ್ಯ ತೆಗೆಯಬಹುದು? ಹೆಸರಿಟ್ಟು ಹೇಳಿದರೆ ಅದು ವಿಮರ್ಶೆ. ನಮ್ಮ ಉತ್ತರ: ಕೋರ್ಟಿನ ಭಾಗದಲ್ಲಿ ಹತ್ತು ನಿಮಿಷ ಹೋದರೂ ನಷ್ಟವಿಲ್ಲ. ಬ್ರೆಂಡನ್ ಫ್ರೇಸರ್ ಅವರ ವಕೀಲ ಉಳಿದವರಿಗಿಂತ ಒಂದು ಸ್ಥಾಯಿ ಮೇಲೆ ಕೂಗುತ್ತಾನೆ.

ಗುಟ್ಟಿನ ತಕರಾರು

ಇದು ಬೇಗ ಮುಗಿಯುತ್ತದೆ. ಚಿತ್ರಕ್ಕೆ ಮೂಲವಾದ ಡೇವಿಡ್ ಗ್ರಾನ್ ಅವರ 2017ರ ಪುಸ್ತಕ ಹೇಲ್‌ನ ಕೈವಾಡವನ್ನು ಬಹಳ ಹೊತ್ತು ಮುಚ್ಚಿಡುತ್ತದೆ. ಚಿತ್ರ ಬೇಗನೆ ಬಿಟ್ಟುಕೊಡುತ್ತದೆ. ಡಿಕಾಪ್ರಿಯೊ ಮೊದಲು ಮಾಡಬೇಕಿದ್ದದ್ದು ತನಿಖಾಧಿಕಾರಿ ಟಾಮ್ ವೈಟ್ ಪಾತ್ರ. ಅವರು ಅರ್ನೆಸ್ಟ್ ಆದಾಗ ಚಿತ್ರಕಥೆಯ ನಡುಗಂಬವೇ ಬದಲಾಯಿತು. ಪತ್ತೇದಾರಿ ಕಥೆ ಎಂದು ಕೂತವರಿಗೆ ನಿರಾಸೆ ಖಂಡಿತ. ಅದು ನಿರೀಕ್ಷೆಗೆ ಸಂಬಂಧಿಸಿದ್ದು, ಚಿತ್ರದ ದೋಷದ ಪಟ್ಟಿಗೆ ಸೇರಿಸಬೇಡಿ.

ಇತಿಹಾಸದ ತಕರಾರು

ಇಲ್ಲಿ ಸಣ್ಣದನ್ನೂ ದೊಡ್ಡದನ್ನೂ ಬೇರೆ ಇಡಿ. ವಯಸ್ಸು ಸಣ್ಣದು: 1921ರಲ್ಲಿ ನಿಜವಾದ ಹೇಲ್‌ಗೆ 46, ಅರ್ನೆಸ್ಟ್‌ಗೆ ಮೂವತ್ತೂ ತುಂಬಿರಲಿಲ್ಲ. ಚಿತ್ರೀಕರಣ ನಡೆದ 2021ರಲ್ಲಿ 46ರ ಆಸುಪಾಸಿನಲ್ಲಿದ್ದವರು ಡಿಕಾಪ್ರಿಯೊ, ಅಂದರೆ ವಯಸ್ಸಿನ ಲೆಕ್ಕದಲ್ಲಿ ಅವರು ಹೇಲ್ ಆಗಬೇಕಿತ್ತು. ಹೇಲ್ ಪಾತ್ರದ ಡಿ ನೀರೊ ಆಗಲೇ ಎಪ್ಪತ್ತೈದು ದಾಟಿದ್ದರು. ಯುದ್ಧದಿಂದ ಮರಳಿದ ಹುಡುಗನೊಬ್ಬ ಮಾವನ ಮಾತಿಗೆ ಮಣಿದ ಎಂಬ ಭಾವ ಇದರಿಂದ ಮಸುಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ.

ದೊಡ್ಡದು ಬೇರೆ. ಪುಸ್ತಕದ ಮೂರನೆಯ ಭಾಗ ಹೇಲ್‌ನ ಗುಂಪಿಗೂ ಆಚೆ ಕೊಲೆಗಳು ನಡೆದಿದ್ದವು, ಹಲವು ಪಾಲಕರು, ವೈದ್ಯರು, ವ್ಯಾಪಾರಿಗಳು ಇದರಲ್ಲಿ ಲಾಭ ಕಂಡಿದ್ದರು ಎಂದು ತೋರಿಸುತ್ತದೆ. ಚಿತ್ರ ಅದರ ಸುಳಿವು ಕೊಟ್ಟರೂ ಭಾರವನ್ನೆಲ್ಲ ಒಂದು ಮನೆಯ ಮೇಲೆ ಹಾಕುತ್ತದೆ. ‘ವಾಸ್ತವಕ್ಕೆ ಹತ್ತಿರ’ ಎಂದು ಹೊಗಳುವವರೂ ಇದನ್ನು ಬಿಟ್ಟು ಮಾತಾಡುವುದೇ ಹೆಚ್ಚು. ಶಿಕ್ಷೆಯ ನಂತರದ ಸಂಗತಿ ಕೈಯಲ್ಲಿರಲಿ: ಹೇಲ್ 1947ರಲ್ಲಿ ಪೆರೋಲ್ ಮೇಲೆ ಹೊರಬಂದ. ಅರ್ನೆಸ್ಟ್‌ಗೆ 1960ರ ದಶಕದಲ್ಲಿ ಕ್ಷಮಾದಾನವೂ ಸಿಕ್ಕಿತು.

ಯಾರ ಕಣ್ಣಿನ ಕಥೆ?

ನಿಜವಾದ ಜಗಳ ಇದೇ, ಇದಕ್ಕೆ ಹೊತ್ತು ಕೊಡಿ. ಚಿತ್ರಕ್ಕೆ ಓಸೇಜ್ ಭಾಷಾ ಸಲಹೆಗಾರರಾಗಿ ದುಡಿದವರೊಬ್ಬರೇ, ಕಥೆ ಮಾಲಿಯ ದೃಷ್ಟಿಯಿಂದ ಬರಬೇಕಿತ್ತು, ಇದು ಓಸೇಜ್ ಪ್ರೇಕ್ಷಕರಿಗಾಗಿ ಮಾಡಿದ್ದಲ್ಲ ಎಂಬರ್ಥದ ಮಾತನ್ನು ಬಿಡುಗಡೆಯ ಹೊತ್ತಿಗೆ ಹೇಳಿದ್ದರು. ಬುಡಕಟ್ಟಿನ ಮುಖ್ಯಸ್ಥರು ಚಿತ್ರತಂಡದ ಬೆನ್ನಿಗೆ ನಿಂತಿದ್ದರು. ಹೀಗಾಗಿ ‘ಓಸೇಜರೇ ಒಪ್ಪಿದ್ದಾರೆ’ ಎಂದೋ ‘ಓಸೇಜರೇ ವಿರೋಧಿಸಿದ್ದಾರೆ’ ಎಂದೋ ಒಂದೇ ಸಾಲಿನಲ್ಲಿ ಬರೆಯುವುದು ತಪ್ಪು.

ಪರೀಕ್ಷೆ ಹೀಗೆ. ಹಾಳೆಯ ಹಿಂಬದಿಯಲ್ಲಿ ಎರಡು ಕಾಲಂ ಮಾಡಿ. ಪ್ರತಿ ಮುಖ್ಯ ದೃಶ್ಯದಲ್ಲಿ ನಮಗೆ ಗೊತ್ತಿರುವುದು ಅರ್ನೆಸ್ಟ್‌ಗೆ ಗೊತ್ತಿರುವಷ್ಟೋ, ಮಾಲಿಗೆ ಗೊತ್ತಿರುವಷ್ಟೋ ಎಂದು ಗುರುತು ಹಾಕುತ್ತ ಹೋಗಿ. ಮೊದಲಲ್ಲಿ ಸತ್ತವರ ಹೆಸರು ಹೇಳಿ ‘ತನಿಖೆ ಇಲ್ಲ’ ಎನ್ನುವ ದನಿ ಮಾಲಿಯದು. ಸಾವಿಗೆ ಮುನ್ನ ಕಾಣುವ ಗೂಬೆ ಅವರ ಮನೆಯದು. ಓಸೇಜ್ ಮಾತಿಗೆ ಅಲ್ಲಲ್ಲಿ ಸಬ್‌ಟೈಟಲ್ ಇಲ್ಲ, ಅಲ್ಲಿ ನಾವು ಅರ್ನೆಸ್ಟ್‌ನಂತೆ ಹೊರಗಿನವರು. ಮಾಲಿ ಹಾಸಿಗೆ ಹಿಡಿದ ಮೇಲೆ ಗುರುತುಗಳು ಬಹುತೇಕ ಅರ್ನೆಸ್ಟ್ ಕಾಲಂಗೇ ಬೀಳುತ್ತವೆ. ಆಕ್ಷೇಪಕ್ಕೆ ಬಲ ಬರುವುದು ಅಲ್ಲಿಂದ. ಇಷ್ಟು ಜಾಣೆ ಗಂಡನನ್ನು ಏಕೆ ಅನುಮಾನಿಸಲಿಲ್ಲ ಎಂಬುದನ್ನು ಮಾಲಿಯಾಗಿ ನಟಿಸಿದ ಲಿಲಿ ಗ್ಲ್ಯಾಡ್‌ಸ್ಟೋನ್ ಅವರ ಕಣ್ಣುಗಳಿಗೆ ಬಿಟ್ಟು ಚಿತ್ರಕಥೆ ಸುಮ್ಮನಾಗಿದೆ. ಗಂಡ ಔಷಧಿಯೆಂದು ಚುಚ್ಚುತ್ತಿದ್ದ ‘ಸೂಜಿಯಲ್ಲಿ ಏನಿತ್ತು’ ಎಂದು ಅವಳು ಕೇಳುವ ಹೊತ್ತಿಗೆ ತಡವಾಗಿರುತ್ತದೆ.

ಕಥೆಯ ಅಂತ್ಯವನ್ನು ರೇಡಿಯೊ ನಾಟಕವಾಗಿ ಹೇಳುವ ಕೊನೆಯ ದೃಶ್ಯವನ್ನು ಗಿಮಿಕ್ ಎಂದು ತಳ್ಳುವ ಮುನ್ನ ಇದನ್ನು ತಿಳಿದಿರಿ: 1930ರ ದಶಕದಲ್ಲಿ ಎಫ್‌ಬಿಐ ಸಹಕಾರದಿಂದ ಈ ಪ್ರಕರಣ ನಿಜವಾಗಿಯೂ ಅಮೆರಿಕದ ರೇಡಿಯೊದಲ್ಲಿ ಮನರಂಜನೆಯಾಗಿ ಪ್ರಸಾರವಾಗಿತ್ತು. ಮಾಲಿಯ ಮರಣವಾರ್ತೆಯನ್ನು ಸ್ಕಾರ್ಸೆಸೆ ತಾವೇ ಬಂದು ಓದುತ್ತಾರೆ. ಅವರು ತಪ್ಪೊಪ್ಪಿಕೊಂಡರು ಎಂದು ಕೆಲವರು, ಜಾರಿಕೊಂಡರು ಎಂದು ಕೆಲವರು. ಯಾವುದೆಂದು ತೀರ್ಮಾನಿಸಲು ನಿಮ್ಮ ಎರಡು ಕಾಲಂಗಳನ್ನೇ ನೋಡಿ. ಮಾಲಿ ಕಾಲಂ ಖಾಲಿ ಎನಿಸಿದರೆ ಎರಡನೆಯ ಗುಂಪಿಗೆ ಸೇರಿ.

ಬರೆಯಲು ಕೂತಾಗ ನಾಲ್ಕರಲ್ಲಿ ಒಂದೇ ತಕರಾರನ್ನು ಆರಿಸಿಕೊಳ್ಳಿ, ಎರಡು ದೃಶ್ಯಗಳನ್ನು ಹೆಸರಿಸಿ. ಹತ್ತು ಆಸ್ಕರ್ ನಾಮನಿರ್ದೇಶನ, ಒಂದೂ ಪ್ರಶಸ್ತಿಯಿಲ್ಲ ಎಂಬ ಸಂಗತಿಯನ್ನು ಯಾವ ಪಕ್ಷದವರೂ ಸಾಕ್ಷಿಯಾಗಿ ತರದಿರುವುದು ಒಳ್ಳೆಯದು.